ದೆಹಲಿಯ ದುಡ್ಡು, ಕಮರ್ಷಿಯಲ್ ಸ್ಟ್ರೀಟಿನ ದಾರಿ

— ಸರ್, ನೀವು ಮೂವತ್ತು ವರ್ಷ ಸರ್ಕಾರದ ಲೆಕ್ಕ ತನಿಖೆ ಮಾಡಿದವರು, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಅಂಗಡಿ ಎದುರಿನ ಕಂಬದ ಮೇಲೆ ಕ್ಯಾಮೆರಾ ಇದೆ. ಯಾರು ಹಾಕಿದ್ದು ಅಂದರೆ ಒಬ್ಬರು ಪೊಲೀಸರು ಅಂತಾರೆ, ಇನ್ನೊಬ್ಬರು ಸ್ಮಾರ್ಟ್ ಸಿಟಿ ಅಂತಾರೆ, ಮತ್ತೊಬ್ಬರು ದೆಹಲಿ ದುಡ್ಡು ಅಂತಾರೆ. ನಿಜವಾಗಿ ಅದು ಯಾರ ದುಡ್ಡು?

— ಪೊಲೀಸರು ಹಾಕಿದ ಸೇಫ್ ಸಿಟಿ ಕ್ಯಾಮೆರಾ ಆಗಿದ್ದರೆ ನೂರಕ್ಕೆ ಅರವತ್ತು ಪಾಲು ದೆಹಲಿಯದು, ನಲವತ್ತು ವಿಧಾನಸೌಧದ್ದು. 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ, 2013ರ ಫೆಬ್ರವರಿ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಚಿದಂಬರಂ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಿಸಿದರಲ್ಲ, ಅದೇ ಹಣ. 2018ರಲ್ಲಿ ಆ ನಿಧಿಯಿಂದ ಎಂಟು ಮಹಾನಗರಗಳಿಗೆ ಸೇಫ್ ಸಿಟಿ ಯೋಜನೆ ಮಂಜೂರಾಯಿತು. ಒಟ್ಟು 2,919 ಕೋಟಿ. ಅದರಲ್ಲಿ ಬೆಂಗಳೂರಿನದು 667 ಕೋಟಿ. ಕೇಂದ್ರದ ಪಾಲು ಸುಮಾರು 400, ರಾಜ್ಯದ್ದು 267.

— ಹಾಗಾದರೆ ಅದು ಹೆಣ್ಣುಮಕ್ಕಳ ಹೆಸರಿನ ಹಣ.

— ಹೆಣ್ಣುಮಕ್ಕಳಿಗಾಗಿಯೇ ಇಟ್ಟ ಹಣ. ವರ್ಷ ಮುಗಿದರೂ ವಾಪಸ್ ಹೋಗದ ನಿಧಿ. ಹಾಗೆ ಇಟ್ಟಿದ್ದಕ್ಕೆ ಕಾರಣವಿತ್ತು. ಆದರೂ ಮೊದಲ ಕೆಲವು ವರ್ಷ ಅದರಲ್ಲಿ ಬಹುಪಾಲು ಖರ್ಚೇ ಆಗದೆ ಕೂತಿತ್ತು.

— ನಮ್ಮಲ್ಲಿ ಕೆಲಸ ಮಾಡುವ ಹುಡುಗಿಯರು ರಾತ್ರಿ ಒಂಬತ್ತಕ್ಕೆ ಶಟರ್ ಎಳೆದ ಮೇಲೆ ಶಿವಾಜಿನಗರ ಬಸ್ ನಿಲ್ದಾಣಕ್ಕೆ ನಡೆದು ಹೋಗುತ್ತಾರೆ. ರಂಜಾನ್ ತಿಂಗಳಲ್ಲಿ, ಕ್ರಿಸ್‌ಮಸ್ ವಾರದಲ್ಲಿ ಹತ್ತೂವರೆ ಆಗುತ್ತದೆ. ಬೀದಿಯಲ್ಲಿ ಜನ ಇರುವಷ್ಟು ಹೊತ್ತು ಚಿಂತೆಯಿಲ್ಲ. ಒಂದು ತಿರುವು ದಾಟಿದ ಮೇಲೆ ದೀಪ ಉರಿಯುವುದಿಲ್ಲ. ಅಲ್ಲಿ ಕ್ಯಾಮೆರಾ ಇದೆ, ಬೆಳಕಿಲ್ಲ. ಹಣ ಬಂದದ್ದು ಅವರಿಗಾಗಿ ಅನ್ನುವುದಾದರೆ, ಏನು ಬೇಕು ಎಂದು ಅವರನ್ನು ಯಾರು ಕೇಳಿದರು?

— ಅದಕ್ಕೆ ಉತ್ತರ ಕೊಡುವ ಮೊದಲು ಹಣ ಬರುವ ದಾರಿ ಹೇಳಬೇಕು. ಪೊಲೀಸ್, ಕಾನೂನು ಸುವ್ಯವಸ್ಥೆ ಎರಡೂ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ ಮೊದಲೆರಡು ನಮೂದುಗಳು. ದೆಹಲಿ ನೇರವಾಗಿ ಬಂದು ನಮ್ಮ ಬೀದಿಯಲ್ಲಿ ಕಂಬ ನೆಡುವಂತಿಲ್ಲ. ಆದರೆ 282ನೇ ವಿಧಿಯ ಪ್ರಕಾರ ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಅನುದಾನ ಕೊಡಬಹುದು. 1969ರಿಂದ ಪೊಲೀಸ್ ಆಧುನೀಕರಣಕ್ಕೂ ಕೇಂದ್ರದ ಹಣ ಬರುತ್ತಲೇ ಇದೆ. ಕೊಡುವವರು ಷರತ್ತು ಹಾಕುತ್ತಾರೆ. ಆ ಷರತ್ತುಗಳನ್ನು ನೋಡುವುದೇ ನನ್ನ ಕೆಲಸವಾಗಿತ್ತು.

— ಏನೇನು ಷರತ್ತು?

— ಮೊದಲನೆಯದು ಕೊಟ್ಟ ಉದ್ದೇಶಕ್ಕೇ ಖರ್ಚು. ಇದಕ್ಕೆ ರಾಜ್ಯ ಸರ್ಕಾರ ಬಳಕೆ ಪ್ರಮಾಣಪತ್ರ ಕೊಡಬೇಕು, ಕಚೇರಿಯಲ್ಲಿ ಎಲ್ಲರೂ ಯೂಸಿ ಅನ್ನುತ್ತಾರೆ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ರಾಜ್ಯಗಳಿಗೆಂದೇ 12-ಸಿ ನಮೂನೆ ಇದೆ. ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಕೊಡಬೇಕು. ಹಿಂದಿನದರ ಯೂಸಿ ಬಾರದೆ ಮುಂದಿನ ಕಂತು ಇಲ್ಲ. ಹಣದ ಮೇಲೆ ಬಡ್ಡಿ ಬಂದರೆ ಅದೂ ಕೊಟ್ಟವರಿಗೆ ವಾಪಸ್. ಕೊಂಡ ವಸ್ತುವಿಗೆ ಆಸ್ತಿ ರಿಜಿಸ್ಟರ್, ವರ್ಷಕ್ಕೊಮ್ಮೆಯಾದರೂ ಎಣಿಕೆ. ಕೊಳ್ಳುವುದು ಟೆಂಡರ್ ಮೂಲಕ. ನಮ್ಮಲ್ಲಿ ಅದಕ್ಕೆ 1999ರ ಪಾರದರ್ಶಕತಾ ಕಾಯಿದೆ ಇದೆ.

— ಇಷ್ಟೆಲ್ಲ ಇದ್ದರೂ ಹಣ ದಾರಿ ತಪ್ಪುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ?

— ಕದಿಯುವುದು ಒಂದು ಬಗೆ. ನಾವು ಕಡತಗಳಲ್ಲಿ ಹೆಚ್ಚು ನೋಡುತ್ತಿದ್ದದ್ದು ಬೇರೆಯದು. ಹಣ ಖರ್ಚಾಗಿರುವುದಿಲ್ಲ, ಖರ್ಚಾಗಿದೆ ಎಂದು ಬರೆದಿರುತ್ತಾರೆ. ಇಲಾಖೆಗೆ ಹತ್ತು ಕೋಟಿ ಬಂತು ಅನ್ನಿ. ಮಾರ್ಚ್ ಬಂದುಬಿಟ್ಟಿದೆ, ಟೆಂಡರ್ ಆಗಿಲ್ಲ. ಒಂದು ನಿಗಮಕ್ಕೋ ಏಜೆನ್ಸಿಗೋ ಮುಂಗಡವೆಂದು ವರ್ಗಾಯಿಸುತ್ತಾರೆ. ಇಲಾಖೆಯ ಲೆಕ್ಕದಲ್ಲಿ ಅದು ವೆಚ್ಚ. ಯೂಸಿಗೆ ಸಹಿ ಬೀಳುತ್ತದೆ, ದೆಹಲಿಯಿಂದ ಮುಂದಿನ ಕಂತೂ ಬರುತ್ತದೆ. ಹತ್ತು ಕೋಟಿ ಮಾತ್ರ ಯಾವುದೋ ಬ್ಯಾಂಕ್ ಖಾತೆಯಲ್ಲಿ ಮಲಗಿರುತ್ತದೆ. ನಾನು ಹಾಫ್ ಮಾರ್ಜಿನ್ ಹಾಳೆಯಲ್ಲಿ ಪ್ರಶ್ನೆ ಬರೆದು ಕಳಿಸುತ್ತಿದ್ದೆ, ವಸ್ತು ಎಲ್ಲಿ ಎಂದು. ಆದೇಶದ ಪ್ರತಿ ಲಗತ್ತಿಸಿದೆ ಎಂದು ಉತ್ತರ ಬರುತ್ತಿತ್ತು. ನಾನು ಕೇಳಿದ್ದು ವಸ್ತು, ಅವರು ಕೊಟ್ಟದ್ದು ಆದೇಶ. ಆ ಸಹಿಯ ಕೆಳಗೆ ಒಬ್ಬ ಹಿರಿಯ ಅಧಿಕಾರಿಯ ಹೆಸರು, ಪದನಾಮ ಎಲ್ಲ ಇರುತ್ತದೆ. ನನಗೆ ಅದನ್ನು ನೋಡಿ ಪ್ರತಿ ಸಲವೂ ಬೇಸರವಾಗುತ್ತಿತ್ತು. ಸುಳ್ಳು ಹೇಳಬೇಕೆಂದು ಕೂತು ಬರೆದವರು ಕಡಿಮೆ. ನಮೂನೆ ಕೇಳಿದ ಪ್ರಶ್ನೆಗೆ ನಮೂನೆ ಒಪ್ಪುವ ಉತ್ತರ ಕೊಟ್ಟು ಮುಗಿಸಿದವರೇ ಜಾಸ್ತಿ.

— ಅದಕ್ಕೆ ಮದ್ದು ಇಲ್ಲವೇ?

— 2021ರಲ್ಲಿ ಬಂತು. ಕೇಂದ್ರದ ಪಾಲಿರುವ ಪ್ರತಿ ಯೋಜನೆಗೂ ರಾಜ್ಯದಲ್ಲಿ ಒಂದೇ ನೋಡಲ್ ಏಜೆನ್ಸಿ, ಒಂದೇ ಖಾತೆ. ವರ್ಷದ ಹಣದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಒಂದೇ ಸಲ ಬಿಡುವಂತಿಲ್ಲ. ರಾಜ್ಯ ತನ್ನ ಪಾಲು ಅದೇ ಖಾತೆಗೆ ಹಾಕಬೇಕು. ಬಂದದ್ದರಲ್ಲಿ ಮುಕ್ಕಾಲು ನಿಜವಾಗಿ ಕರಗಿದ ಮೇಲೆ ಮುಂದಿನ ಕಾಲುಭಾಗ. ಪೈಸೆ ಎಲ್ಲಿದೆ ಎಂದು ದೆಹಲಿಯಲ್ಲಿ ಕೂತು ನೋಡಬಹುದು. ಇದು ಒಳ್ಳೆಯ ನಿಯಮ. ಮಲಗಿದ್ದ ಹಣವನ್ನು ಎಬ್ಬಿಸಿದ ನಿಯಮ. ನೀವು ಸರ್ಕಾರದ ಕಾಗದಪತ್ರವನ್ನೆಲ್ಲ ವ್ಯರ್ಥ ಎಂದುಕೊಳ್ಳಬೇಡಿ. ಅದರಲ್ಲಿ ಒಂದೊಂದು ಸಾಲಿನ ಹಿಂದೆಯೂ ಎಲ್ಲೋ ಆದ ಒಂದು ಮೋಸ ಇರುತ್ತದೆ.

— ವ್ಯರ್ಥ ಅಂತ ನಾನು ಹೇಳಲಿಲ್ಲ. ನಾನೂ ಜಿಎಸ್‌ಟಿ ಕಟ್ಟುವವಳು, ಲೆಕ್ಕ ಇಡುವವಳು. ಆದರೆ ನೀವು ಹೇಳಿದ ಅಷ್ಟೂ ನಿಯಮ ಹಣ ಎಲ್ಲಿ ಹೋಯಿತು ಎಂದು ಕೇಳುತ್ತದೆ. ಆ ದಾರಿಯಲ್ಲಿ ನಡೆಯುವವಳಿಗೆ ಏನಾಯಿತು ಎಂದು ಒಂದೂ ಕೇಳುವುದಿಲ್ಲ.

— ನಿಧಿಯ ಮಾರ್ಗಸೂಚಿಯಲ್ಲಿ ಅದರ ಹತ್ತಿರಕ್ಕೆ ಬರುವ ಮಾತುಗಳಿವೆ. ಯೋಜನೆ ನೇರವಾಗಿ ಹೆಣ್ಣುಮಕ್ಕಳ ಸುರಕ್ಷತೆಗೆ ಸಂಬಂಧಿಸಿರಬೇಕು. ಈಗಾಗಲೇ ನಡೆಯುತ್ತಿರುವ ಸರ್ಕಾರಿ ಯೋಜನೆಯ ನಕಲು ಆಗಬಾರದು. ಇರುವ ಸೌಕರ್ಯವನ್ನೇ ಆದಷ್ಟು ಬಳಸಬೇಕು. ಹೆಣ್ಣುಮಕ್ಕಳ ಗುರುತು, ಮಾಹಿತಿ ಗೋಪ್ಯವಾಗಿರಬೇಕು. ಇನ್ನೊಂದು ವಿಷಯ ನಿಮಗೆ ಅಚ್ಚರಿಯಾಗಬಹುದು. ಸೇಫ್ ಸಿಟಿ ಘೋಷಿಸಿದಾಗ ಕೇಂದ್ರ ಕೊಟ್ಟ ಪಟ್ಟಿಯಲ್ಲಿ ಬೀದಿದೀಪವೂ ಇತ್ತು, ಮಹಿಳೆಯರ ಶೌಚಾಲಯವೂ ಇತ್ತು.

— ಇತ್ತಾ? ಹಾಗಾದರೆ ಆ ತಿರುವಿನ ದೀಪಕ್ಕೆ ಈ ಹಣವನ್ನೇ ಕೇಳಬಹುದಿತ್ತು!

— ಕೇಳಬಹುದಿತ್ತು. ಎಲ್ಲವೂ ನಿಂತಿರುವುದು ಪ್ರಸ್ತಾವನೆ ಬರೆಯುವವರು ಯಾರು ಎಂಬುದರ ಮೇಲೆ. ಬೆಂಗಳೂರಿನಲ್ಲಿ ಈ ಯೋಜನೆ ನಗರ ಪೊಲೀಸರದು. ಪೊಲೀಸರಿಗೆ ಗೊತ್ತಿರುವ ಉಪಕರಣ ಕ್ಯಾಮೆರಾ, ಕಂಟ್ರೋಲ್ ರೂಮ್, ವೈರ್‌ಲೆಸ್. ದೀಪ ಪಾಲಿಕೆಯದು, ಶೌಚಾಲಯ ಪಾಲಿಕೆಯದು, ಕೇಬಲ್ ಬೆಸ್ಕಾಂನದು. ಇನ್ನೊಂದು ಇಲಾಖೆಯ ಕೆಲಸಕ್ಕೆ ತನ್ನ ಪ್ರಸ್ತಾವನೆಯಲ್ಲಿ ಜಾಗ ಮಾಡಿ, ಆಮೇಲೆ ಅದರ ಯೂಸಿಗೆ ತಾನು ಸಹಿ ಹಾಕುವುದು ಯಾವ ಅಧಿಕಾರಿಗೂ ಇಷ್ಟವಾಗುವುದಿಲ್ಲ. 667 ಕೋಟಿಯಲ್ಲಿ ಸುಮಾರು 496 ಕೋಟಿ ಒಂದೇ ಗುತ್ತಿಗೆಯಾಗಿ ಹೋಯಿತು. 2021ರಲ್ಲಿ ಹನಿವೆಲ್ ಕಂಪನಿಗೆ. ಮೂರು ಸಾವಿರ ಸ್ಥಳಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ, ಅದಕ್ಕೊಂದು ಕಮಾಂಡ್ ಸೆಂಟರ್. ಮುಕ್ಕಾಲು ಪಾಲು ಹಣ ಒಂದೇ ಕೈಗೆ.

— ಆ ಟೆಂಡರಿನ ಗಲಾಟೆ ನೆನಪಿದೆ. ಪೇಪರಿನಲ್ಲಿ ದಿನಾ ಬರುತ್ತಿತ್ತು.

— 2020ರ ಡಿಸೆಂಬರ್. ಇಬ್ಬರು ಹಿರಿಯ ಐಪಿಎಸ್ ಅಧಿಕಾರಿಗಳು ಈ ಟೆಂಡರಿನ ವಿಚಾರದಲ್ಲಿ ಬಹಿರಂಗವಾಗಿ ಆರೋಪ ಪ್ರತ್ಯಾರೋಪ ಮಾಡಿಕೊಂಡರು. ವರ್ಷದ ಕೊನೆಯ ದಿನ ಇಬ್ಬರನ್ನೂ ವರ್ಗ ಮಾಡಿದರು. ಅಷ್ಟು ದಿನ ನಡೆದ ಚರ್ಚೆಯಲ್ಲಿ ಯಾವ ಕಂಪನಿ, ಯಾವ ನಿಬಂಧನೆ, ಯಾರ ಕಡೆ ವಾಲಿತ್ತು ಎಂಬುದೇ ತುಂಬಿತ್ತು. ಅದು ಬೇಕಾದ ಚರ್ಚೆಯೇ. ಆದರೆ ಕ್ಯಾಮೆರಾವೇ ಏಕೆ, ಇಷ್ಟೇ ಏಕೆ, ಈ ಜಾಗದಲ್ಲೇ ಏಕೆ ಎಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಟೆಂಡರ್ ಅಚ್ಚುಕಟ್ಟಾಗಿದ್ದರೂ ತಪ್ಪು ವಸ್ತು ಬರಬಹುದು, ನೋಡಿ.

— ಅದನ್ನು ನಮ್ಮ ಪರವಾಗಿ ಕೇಳಬೇಕಾದವರು ಕಾರ್ಪೊರೇಟರ್ ಅಲ್ಲವೇ?

— ಆಗ ಕಾರ್ಪೊರೇಟರ್ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳು ಬಂದವು. ಆ ಐದು ವರ್ಷ ಇಡೀ ನಗರಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಟೆಂಡರ್ ಆದದ್ದು, ಕಂಬ ನೆಟ್ಟದ್ದು, 2023ರಲ್ಲಿ ಕಮಾಂಡ್ ಸೆಂಟರ್ ಉದ್ಘಾಟನೆಯಾದದ್ದು, ಎಲ್ಲವೂ ಆ ಐದು ವರ್ಷದೊಳಗೆ. ನಮ್ಮ ಬೀದಿಗೆ ಸ್ಮಾರ್ಟ್ ಸಿಟಿ ಹಣದಲ್ಲಿ ಕಲ್ಲು ಹಾಸಿದ್ದೂ ಆಗಲೇ.

— ಅದನ್ನು ಹೇಳಲೇಬೇಡಿ. ತಿಂಗಳುಗಟ್ಟಲೆ ಬೀದಿ ಅಗೆದಿಟ್ಟರು, ಕೋವಿಡ್ ಕಾಲದ ನಷ್ಟದ ಮೇಲೆ ಅದೂ ಒಂದು. ಆ ಕಡೆ ಮೆಟ್ರೋಗಾಗಿ ಕಾಮರಾಜ ರಸ್ತೆ 2019ರಿಂದಲೇ ಬಂದ್ ಆಗಿತ್ತು. 2021ರಲ್ಲಿ ಕಲ್ಲುಹಾಸು ಮುಗಿಯಿತು ಎಂದು ಖುಷಿಪಟ್ಟೆವು. ಕೆಲವೇ ತಿಂಗಳಲ್ಲಿ ಕಲ್ಲು ಎದ್ದು ಮತ್ತೆ ಕಿತ್ತು ಮಾಡಬೇಕಾಯಿತು. ಅದರ ಯೂಸಿ ಕೂಡ ಹೋಗಿರುತ್ತದಲ್ಲ?

— ಹಣ ಬಿಡುಗಡೆಯಾಗಿದ್ದರೆ ಹೋಗಿರಲೇಬೇಕು. ಕಲ್ಲು ಅಲುಗುತ್ತದೆಯೋ ಇಲ್ಲವೋ ಎಂಬ ಕಾಲಂ ಆ ನಮೂನೆಯಲ್ಲಿ ಇಲ್ಲ.

— ಬೇರೆ ದೇಶದಲ್ಲಿ ಹೇಗೆ? ಅಮೆರಿಕದಲ್ಲಿರುವ ನನ್ನ ಅಣ್ಣನ ಮಗ ಅಲ್ಲಿನ ಸಣ್ಣ ಊರಿನ ಪೊಲೀಸರ ಹತ್ತಿರ ಯುದ್ಧದ ಗಾಡಿಯಂಥದ್ದು ಇದೆ ಎಂದು ಫೋಟೋ ಕಳಿಸಿದ್ದ.

— ಅಲ್ಲಿ 2001ರ ಸೆಪ್ಟೆಂಬರ್ ದಾಳಿಯ ನಂತರ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಎಂಬ ಇಲಾಖೆಯೇ ಹುಟ್ಟಿತು. ಅದರ ಅನುದಾನದಲ್ಲಿ ನನಗೆ ತುಂಬ ಹಿಡಿಸಿದ ನಿಯಮ ಒಂದಿದೆ. ರಾಜ್ಯಕ್ಕೆ ಬಂದ ಹಣದಲ್ಲಿ ನೂರಕ್ಕೆ ಎಂಬತ್ತು ಪಾಲನ್ನು 45 ದಿನದೊಳಗೆ ಕೆಳಗಿನ ಸ್ಥಳೀಯ ಸರ್ಕಾರಗಳಿಗೆ ದಾಟಿಸಬೇಕು. ನಗರಸಭೆಗೆ, ಕೌಂಟಿಗೆ. ಖರ್ಚು ಮಾಡುವವರು ಅವರು, ನಿಯಮ ಪಾಲಿಸಬೇಕಾದವರು ಅವರು, ಊರಿನ ಸಭೆಯಲ್ಲಿ ಉತ್ತರ ಕೊಡಬೇಕಾದವರೂ ಅವರೇ. ಇನ್ನೊಂದು ನಿಯಮ, ಊರು ತನ್ನ ಬಜೆಟ್ಟಿನಿಂದ ಮಾಡುತ್ತಿದ್ದ ಖರ್ಚನ್ನು ನಿಲ್ಲಿಸಿ ಆ ಜಾಗಕ್ಕೆ ಫೆಡರಲ್ ಹಣ ಹಾಕುವಂತಿಲ್ಲ. ಇರುವುದರ ಮೇಲೆ ಸೇರಿಸಬೇಕು. ಕೊಂಡ ಉಪಕರಣವನ್ನು ಎರಡು ವರ್ಷಕ್ಕೊಮ್ಮೆ ಎಣಿಸಬೇಕು.

— ಹಾಗಾದರೆ ಅಲ್ಲಿ ಎಲ್ಲ ಸರಿಯಿದೆಯೇ?

— ಇಲ್ಲ. ನಿಮ್ಮ ಅಣ್ಣನ ಮಗ ಕಳಿಸಿದ ಫೋಟೋದಂಥದ್ದೇ ಒಂದು ಕಥೆ ನ್ಯೂ ಹ್ಯಾಂಪ್‌ಶೈರ್‌ನ ಕೀನ್ ಎಂಬ ಸಣ್ಣ ಊರಿನದು. ಈ ಅನುದಾನದಲ್ಲಿ ಬೇರ್‌ಕ್ಯಾಟ್ ಎಂಬ ಕವಚದ ವಾಹನ ಕೊಂಡರು. ಅರ್ಜಿಯಲ್ಲಿ ಭಯೋತ್ಪಾದಕರ ಕಣ್ಣು ಬೀಳಬಹುದಾದ ಜಾಗ ಎಂದು ಊರಿನ ಕುಂಬಳಕಾಯಿ ಹಬ್ಬವನ್ನು ಹೆಸರಿಸಿದ್ದರು. ಪಟ್ಟಿಯಲ್ಲಿ ಏನಿದೆಯೋ ಅದು ಬೇಕು ಅನ್ನಿಸುವುದು ಎಲ್ಲ ಕಡೆಯೂ ಒಂದೇ. ಆದರೆ ಒಂದು ವ್ಯತ್ಯಾಸವಿದೆ. 2012ರಲ್ಲಿ ಕೀನ್‌ನ ಜನ ನಗರಸಭೆಗೇ ಹೋಗಿ ನಮಗಿದು ಬೇಡ ಎಂದು ವಾದಿಸಿದರು. ವಾಹನ ಬಂತು, ಅದು ಬೇರೆ ಮಾತು. ವಾದಿಸಲು ಒಂದು ಸಭೆ ಇತ್ತಲ್ಲ. ಕಮರ್ಷಿಯಲ್ ಸ್ಟ್ರೀಟಿನವರು ಹೋಗಿ ನಿಲ್ಲಲು ಅಂಥ ಸಭೆ ಯಾವುದಿತ್ತು?

— ಸರ್, ನಾನು ಕ್ಯಾಮೆರಾ ಬೇಡ ಅನ್ನುವವಳಲ್ಲ. 2014ರ ಡಿಸೆಂಬರ್‌ನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ಬಾಂಬ್ ಸಿಡಿದ ರಾತ್ರಿ ಈ ಬೀದಿಯಲ್ಲೆಲ್ಲ ಒಂದೇ ಭಯ. ಚೆನ್ನೈನಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಸತ್ತಳು. 2024ರ ಮಾರ್ಚ್‌ನಲ್ಲಿ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟವಾದಾಗ ಕ್ಯಾಮೆರಾ ನೋಡಿಯೇ ಆರೋಪಿಯ ಜಾಡು ಹಿಡಿದರು.

— ಅದರಲ್ಲಿ ಹೋಟೆಲಿನ ಕ್ಯಾಮೆರಾ, ಬಸ್ಸಿನ ಕ್ಯಾಮೆರಾ ಎಲ್ಲ ಸೇರಿತ್ತು. 2017ರ ಹೊಸವರ್ಷದ ನಸುಕಿನಲ್ಲಿ ಕಮ್ಮನಹಳ್ಳಿಯಲ್ಲಿ ಮನೆಗೆ ಹೋಗುತ್ತಿದ್ದ ಹುಡುಗಿಯ ಮೇಲೆ ದೌರ್ಜನ್ಯ ಆಯಿತಲ್ಲ, ಅದು ಬೆಳಕಿಗೆ ಬಂದದ್ದು ಒಬ್ಬರ ಮನೆಯ ಖಾಸಗಿ ಕ್ಯಾಮೆರಾದಿಂದ. ಅದೇ ವರ್ಷ ರಾಜ್ಯ ಸರ್ಕಾರ ಸಾರ್ವಜನಿಕ ಸುರಕ್ಷತಾ ಕ್ರಮಗಳ ಕಾಯಿದೆ ತಂದಿತು. ಒಂದೇ ಹೊತ್ತಿಗೆ ನೂರು ಜನ ಅಥವಾ ದಿನಕ್ಕೆ ಐನೂರು ಜನ ಸೇರುವ ಸ್ಥಳದವರು ತಮ್ಮ ಖರ್ಚಿನಲ್ಲೇ ಕ್ಯಾಮೆರಾ ಹಾಕಬೇಕು, ದೃಶ್ಯವನ್ನು 30 ದಿನ ಇಟ್ಟುಕೊಂಡಿರಬೇಕು, ಪೊಲೀಸರು ಕೇಳಿದಾಗ ಕೊಡಬೇಕು.

— ಗೊತ್ತು. ನಮ್ಮಂಥ ಅಂಗಡಿಗಳವರು ಅದಕ್ಕಾಗಿ ಸ್ವಂತ ಹಣ ಹಾಕಿದ್ದೇವೆ. ಈಗ ಲೆಕ್ಕ ನೋಡಿ. ಅಂಗಡಿಯದು ಒಂದು ಕ್ಯಾಮೆರಾ, ಪೊಲೀಸರದು ಒಂದು, ಸ್ಮಾರ್ಟ್ ಸಿಟಿಯದೂ ಒಂದಿರಬಹುದು. ನೋಡುವ ಕಣ್ಣು ಹೆಚ್ಚಾಗುತ್ತಲೇ ಇದೆ, ದೀಪ ಹೆಚ್ಚಾಗಲಿಲ್ಲ. ನಕಲು ಆಗಬಾರದು ಎಂಬ ನಿಯಮ ಇದೆ ಎಂದಿರಿ. ಇದು ನಕಲು ಅಲ್ಲವೇ?

— ಕಾಗದದ ಮೇಲೆ ಅಲ್ಲ. ಇನ್ನೊಂದು ಸರ್ಕಾರಿ ಯೋಜನೆಯ ಜೊತೆ ಮಾತ್ರ ಹೋಲಿಸಿ ನೋಡುತ್ತಾರೆ. ನಿಮ್ಮ ಅಂಗಡಿಯ ಕ್ಯಾಮೆರಾ ಯಾವ ಯೋಜನೆಯಲ್ಲೂ ಇಲ್ಲ. ಬೀದಿಯಲ್ಲಿ ನಿಂತು ಎಣಿಸಿದರೆ ಖಂಡಿತ ನಕಲು. ಬೀದಿಯಲ್ಲಿ ನಿಂತು ಎಣಿಸುವ ಕೆಲಸ ಯಾರಿಗೂ ಕೊಟ್ಟಿಲ್ಲ.

— ನನ್ನ ಹುಡುಗಿಯರಲ್ಲಿ ಒಬ್ಬಳು ಕೇಳಿದಳು, ಅಕ್ಕಾ, ನಾವು ದಿನಾ ಎಷ್ಟು ಹೊತ್ತಿಗೆ ಯಾರ ಜೊತೆ ಹೋಗುತ್ತೇವೆ ಎಂದು ಅಲ್ಲಿ ಕೂತವರಿಗೆ ಗೊತ್ತಾಗುತ್ತದಾ ಎಂದು. ನಾನೇನು ಹೇಳಲಿ?

— ಮುಖ ಗುರುತಿಸುವ ತಂತ್ರಾಂಶವೂ ಈ ವ್ಯವಸ್ಥೆಯಲ್ಲಿದೆ. ಅವಳ ಪ್ರಶ್ನೆ ಸರಿಯಾದದ್ದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಹುಡುಗಿಯರ ಹೆಸರಿನ ನಿಧಿಯಲ್ಲಿ ಕೊಂಡ ಕ್ಯಾಮೆರಾದ ದೃಶ್ಯವನ್ನು ಎಷ್ಟು ದಿನ ಇಡುತ್ತಾರೆ, ಯಾರು ನೋಡಬಹುದು, ನೋಡಿದವರ ದಾಖಲೆ ಇದೆಯೇ ಎಂಬುದು ಆ ಹುಡುಗಿಯರಿಗೇ ಗೊತ್ತಿಲ್ಲ ಎಂದರೆ ನಿಧಿಯ ಗೋಪ್ಯತೆಯ ಷರತ್ತು ಅರ್ಧಕ್ಕೇ ನಿಂತಿದೆ ಎಂದೇ ನಾನು ಬರೆಯುತ್ತಿದ್ದೆ. ಆಡಿಟ್ ಪ್ಯಾರಾ ಬರೆಯುವ ಅವಕಾಶ ಈಗ ನನಗಿಲ್ಲ.

— ನನಗೆ ಇದೆಯೇ?

— ಪ್ಯಾರಾ ಬರೆಯಲು ಇಲ್ಲ. ಪ್ರಶ್ನೆ ಕೇಳಲು ಇದೆ. ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಯಾವ ಯೋಜನೆಗೆ ಎಷ್ಟು ಹಣ, ಹೇಗೆ ಖರ್ಚಾಯಿತು ಎಂದು ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಕೇಳಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಪೊಲೀಸ್ ಕಮಿಷನರ್ ಕಚೇರಿ ಇನ್‌ಫೆಂಟ್ರಿ ರಸ್ತೆಯಲ್ಲೇ ಇದೆ, ನಿಮ್ಮ ಅಂಗಡಿಯಿಂದ ನಡೆದೇ ಹೋಗಬಹುದು.

— ಹಾಗಾದರೆ ಎಲ್ಲವನ್ನೂ ಕೇಳುತ್ತೇನೆ. ಎಷ್ಟು ಕ್ಯಾಮೆರಾ, ಎಷ್ಟು ಕೆಲಸ ಮಾಡುತ್ತಿವೆ, ದೃಶ್ಯ ಎಷ್ಟು ದಿನ, ಕೆಟ್ಟರೆ ರಿಪೇರಿಗೆ ಯಾರ ಹಣ, ದೀಪ ಏಕಿಲ್ಲ.

— ಎಲ್ಲವೂ ಆಗುವುದಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ. 2008ರಿಂದ ಹಾಗಿದೆ. ನನಗೆ ಒಪ್ಪಿಗೆಯಿಲ್ಲದ ನಿಯಮ. ಆದರೆ ಮೀರಿದರೆ ಅರ್ಜಿ ಹಿಂದಿರುಗಿಸಲು ಅವರಿಗೆ ಒಂದು ನೆಪ ಸಿಗುತ್ತದೆ. ಯಾವುದು ಮೊದಲು ಎಂದು ನೀವೇ ಹೇಳಿ.

— ರಿಪೇರಿ ಕೇಳೋಣವೇ? ಅದು ಮುಂದಿನ ಮಾತು.

— ಅದು ದೊಡ್ಡ ಮಾತೂ ಹೌದು. ಅನುದಾನ ಕೊಳ್ಳುವುದಕ್ಕೆ ಧಾರಾಳವಾಗಿ ಬರುತ್ತದೆ. ಅವಧಿ ಮುಗಿದ ಮೇಲೆ ಕರೆಂಟು, ನೆಟ್‌ವರ್ಕ್, ಕೆಟ್ಟ ಲೆನ್ಸು, ಪರದೆ ಮುಂದೆ ಕೂರುವವರ ಸಂಬಳ ಎಲ್ಲ ರಾಜ್ಯದ ಬಜೆಟ್ಟಿನ ಮೇಲೆ. ಏಳು ಸಾವಿರ ಕ್ಯಾಮೆರಾ ಹತ್ತು ವರ್ಷ ನಡೆಸುವ ಖರ್ಚನ್ನು ಮೊದಲ ದಿನವೇ ಲೆಕ್ಕ ಹಾಕಿ ತೋರಿಸಬೇಕೆಂದು ಕಡ್ಡಾಯ ಮಾಡಿದ್ದರೆ, ಬಹುಶಃ ಕ್ಯಾಮೆರಾ ಸ್ವಲ್ಪ ಕಡಿಮೆಯಾಗಿ ದೀಪ ಸ್ವಲ್ಪ ಜಾಸ್ತಿಯಾಗುತ್ತಿತ್ತು.

— ಹಾಗಾದರೆ ದೀಪವನ್ನೇ ಮೊದಲು ಕೇಳುತ್ತೇನೆ. ಪಟ್ಟಿಯಲ್ಲಿ ದೀಪ ಮತ್ತು ಶೌಚಾಲಯ ಇತ್ತು ಎಂದಿರಲ್ಲ. ಬೆಂಗಳೂರು ಕಳಿಸಿದ ಪ್ರಸ್ತಾವನೆಯಲ್ಲಿ ಅದಕ್ಕೆ ಎಷ್ಟು ಇಟ್ಟಿದ್ದರು, ಎಷ್ಟು ಖರ್ಚಾಯಿತು, ಯಾವ ಜಾಗದಲ್ಲಿ.

— ಒಳ್ಳೆಯದು, ಅದು ಒಂದೇ ವಿಷಯ. ಬೆಂಗಳೂರು ಎಂದಷ್ಟೇ ಬರೆಯಬೇಡಿ, ಇಡೀ ನಗರದ ಒಂದು ಮೊತ್ತ ಕೊಟ್ಟು ಕಡತ ಮುಗಿಸುತ್ತಾರೆ. ಕಮರ್ಷಿಯಲ್ ಸ್ಟ್ರೀಟ್ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲಿ ಎಂದು ಸೇರಿಸಿ. ಇಂಥ ರಸ್ತೆಯಿಂದ ಶಿವಾಜಿನಗರ ಬಸ್ ನಿಲ್ದಾಣದವರೆಗೆ ಎಂದೂ ಬರೆಯಿರಿ. ಅದೇ ತಿರುವಿನ ದೀಪದ ಬಗ್ಗೆ ಪಾಲಿಕೆಗೆ ಬೇರೆ ಅರ್ಜಿ. ಇಬ್ಬರ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೆಲಸ ಯಾರ ಮೇಜಿನ ಮೇಲೆ ನಿಂತಿದೆ ಎಂದು ಗೊತ್ತಾಗುತ್ತದೆ. ಉತ್ತರಕ್ಕೆ 30 ದಿನ ಸಮಯ.

— ಅರ್ಜಿಗೆ ನಾನೇ ಸಹಿ ಹಾಕಬೇಕೇ? ಆ ದಾರಿಯಲ್ಲಿ ನಡೆಯುವವಳು ಹಾಕಿದರೆ ಆಗದೇ? ಅವಳು ಪಿಯುಸಿ ಓದಿದವಳು, ಬರೆಯುತ್ತಾಳೆ.

— ಅವಳೇ ಹಾಕಲಿ. ಭಾರತದ ಪ್ರಜೆಯಾಗಿದ್ದರೆ ಸಾಕು. ಏಕೆ ಕೇಳುತ್ತಿದ್ದೇನೆ ಎಂದು ಕಾರಣ ಕೊಡಬೇಕಾಗಿಲ್ಲ, ಅವರೂ ಕೇಳುವಂತಿಲ್ಲ. ಕಾಯಿದೆಯ ಆರನೇ ಸೆಕ್ಷನ್ನಿನಲ್ಲೇ ಹಾಗೆಂದು ಇದೆ. ವಿಳಾಸಕ್ಕೆ ಅವಳ ಮನೆಯದು ಬೇಡ, ಅಂಗಡಿಯದು ಕೊಡಿ. ಅರ್ಜಿಯ ಒಂದು ಪ್ರತಿ ನೀವು ಇಟ್ಟುಕೊಂಡಿರಿ. ಕೊಟ್ಟದ್ದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.